ಗ್ಯಾಪು ಮುಚ್ಚೋಕೆ ಹೋಗಿ ಚೇಂಬರ್ ಒಡೆದುಕೊಂಡ ಕಥೆ

ಪ್ರಶ್ನೆ: ಅಣ್ಣಾ, ನಂದು 2019ರ ಸ್ವಿಫ್ಟ್ ವಿಎಕ್ಸ್‌ಐ. ಟೈರು 165/80 ಆರ್14. ವಸಂತನರಸಾಪುರದಲ್ಲಿ ಕೆಲಸ, ವಾರಕ್ಕೊಂದು ಸಲ ಮಧುಗಿರಿ ಕಡೆ ಊರಿಗೆ ಹೋಗಿ ಬರ್ತೀನಿ. ಟೈರಿಗೂ ಮೇಲಿನ ಫೆಂಡರಿಗೂ ಮಧ್ಯೆ ಇರೋ ಗ್ಯಾಪು ನೋಡಿದ್ರೆ ಗಾಡಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತ ಹಾಗೆ ಕಾಣುತ್ತೆ. 17 ಇಂಚಿನ ಅಲಾಯ್ ಹಾಕಿಸಿ, ಸ್ಪ್ರಿಂಗ್ ಬದಲಾಯಿಸಿ 40 ಮಿ.ಮೀ. ಇಳಿಸೋಣ ಅಂತಿದೀನಿ. ಇರೋ ಸ್ಪ್ರಿಂಗನ್ನೇ ಕಟ್ ಮಾಡಿಸು, ದುಡ್ಡು ಉಳಿಯುತ್ತೆ ಅಂತಾನೆ ಫ್ರೆಂಡು. ಏನ್ಮಾಡ್ಲಿ?
– ಓದುಗ, ತುಮಕೂರು

ಉತ್ತರ: ಮೊದಲು ಫ್ರೆಂಡಿನ ವಿಷಯ ಮುಗಿಸಿಬಿಡ್ತೀನಿ ತಮ್ಮಾ. ಅವನು ಹೇಳಿದ ಕೆಲಸವನ್ನ ನಾನು ಇಪ್ಪತ್ತು ವರ್ಷದ ಹಿಂದೆಯೇ ಮಾಡಿ ಕೆಟ್ಟಿದ್ದೀನಿ. ನನ್ನದೇ ಹಳೇ ಝೆನ್ನು. ಹ್ಯಾಕ್ಸಾ ಹಿಡಿದು ನಾಲ್ಕೂ ಸ್ಪ್ರಿಂಗಲ್ಲಿ ಒಂದೊಂದು ಸುತ್ತು ಕುಯ್ದೆ. ಶೆಡ್ಡಿನ ಮುಂದೆ ನಿಲ್ಲಿಸಿದಾಗ ಬೇಟೆಗೆ ಹೊಂಚು ಹಾಕಿದ ಚಿರತೆ ಥರ ಕೂತಿತ್ತು. ಭಾನುವಾರ ಅಮ್ಮ, ಅಕ್ಕ, ಭಾವ, ಅವರ ಮಗು ಎಲ್ಲರನ್ನೂ ತುಂಬಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ನಾಮದ ಚಿಲುಮೆ ಇನ್ನೂ ಬಂದಿರಲಿಲ್ಲ, ಒಂದು ಹಂಪಿನ ಮೇಲೆ ಕರ್ರ್ ಅಂತು. ಇಳಿದು ಬಗ್ಗಿ ನೋಡಿದ್ರೆ ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿರುಕು ಬಿಟ್ಟು ಆಯಿಲ್ ತೊಟ್ಟಿಕ್ಕುತ್ತಿದೆ. ಅಮ್ಮ ಅಲ್ಲಿಂದಲೇ ನರಸಿಂಹಸ್ವಾಮಿಗೆ ಕೈ ಮುಗಿದಳು. ನನ್ನ ಜತೆ ಎರಡು ದಿನ ಮಾತಾಡಲಿಲ್ಲ.

ಕುಯ್ದ ಸ್ಪ್ರಿಂಗಿನ ದೊಡ್ಡ ತಾಪತ್ರಯ ಚೇಂಬರಿನದ್ದೂ ಅಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಟ್ಟಿಯಾಗುತ್ತೆ, ಆದರೆ ಶಾಕ್ ಅಬ್ಸಾರ್ಬರ್ ಹಳೇ ಸ್ಪ್ರಿಂಗಿಗೆ ಮಾಡಿದ್ದು. ಗಾಡಿಯನ್ನ ಜಾಕ್ ಹಾಕಿ ಎತ್ತಿದರೆ ಗಿಡ್ಡ ಸ್ಪ್ರಿಂಗು ತನ್ನ ಸೀಟಲ್ಲಿ ಸಡಿಲವಾಗಿ ಅಲ್ಲಾಡುತ್ತೆ. ಓಡುವಾಗ ದೊಡ್ಡ ಗುಂಡಿಯಲ್ಲಿ ಚಕ್ರ ಪೂರ್ತಿ ಕೆಳಗಿಳಿದಾಗಲೂ ಹಾಗೇ ಆಗಿ, ವಾಪಸ್ ಬರೋವಾಗ ಸರಿಯಾದ ಜಾಗದಲ್ಲಿ ಕೂರದೇ ಹೋಗಬಹುದು. ಹಾಗಾಗಿ ಆ ಮಾತು ಬಿಡು.

ಈಗ ಚಕ್ರ. 17 ಇಂಚು ಹಾಕಿದರೆ ಗ್ಯಾಪು ಮುಚ್ಚುತ್ತೆ ಅಂದುಕೊಂಡಿದ್ದೀಯ. ಪೆನ್ನು ತಗೋ. ನಿನ್ನ ಈಗಿನ ಟೈರಿನ ಗೋಡೆಯ ಎತ್ತರ ಅದರ ಅಗಲದ, ಅಂದ್ರೆ 165ರ, ನೂರಕ್ಕೆ 80, ಅಂದ್ರೆ 132 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 264. ಟೈರು ಕೂರೋ ಲೋಹದ ಡಿಸ್ಕು 14 ಇಂಚು, ಅಂದ್ರೆ 355.6. ಒಟ್ಟು ಎತ್ತರ ಸುಮಾರು 620 ಮಿ.ಮೀ. ಅಂಗಡಿಯಲ್ಲಿ 17ಕ್ಕೆ ಸಾಮಾನ್ಯವಾಗಿ ತೋರಿಸೋದು 205/45 ಟೈರು. ಅದರ ಲೆಕ್ಕ ಹಾಕಿದರೆ 616 ಬರುತ್ತೆ. ಅಂದ್ರೆ ಅಷ್ಟು ದುಡ್ಡು ಸುರಿದ ಮೇಲೆ ನಿನ್ನ ಗ್ಯಾಪು ಎರಡು ಮಿ.ಮೀ. ಹತ್ತಿರ ಹೆಚ್ಚಾಗುತ್ತೆ! ದೊಡ್ಡದಾಗೋದು ಡಿಸ್ಕು, ಚಕ್ರ ಅಲ್ಲ. ಬೇಕೂಂತ 205/50 ಹಾಕಿಸಿದರೆ 637 ಆಗುತ್ತೆ, ಆಗ ಮೀಟರ್ 80 ತೋರಿಸೋವಾಗ ನೀನು ಈಗಿನದಕ್ಕಿಂತ ಎರಡು ಕಿ.ಮೀ. ಜಾಸ್ತಿ ಓಡಿಸ್ತಿರ್ತೀಯ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜೋದೂ ಉಂಟು.

205/45ರಲ್ಲಿ 132 ಮಿ.ಮೀ. ಇದ್ದ ರಬ್ಬರ್ ಗೋಡೆ 92ಕ್ಕೆ ಇಳಿಯುತ್ತೆ. ಗುಂಡಿಯ ಅಂಚಿಗೆ ಬಡಿದಾಗ ಆ ಏಟು ತಗೊಳ್ಳೋದು ಆ ಗೋಡೆಯೇ. ಮಳೆಗಾಲ ಮುಗಿದ ಮೇಲೆ ಅಲೈನ್‌ಮೆಂಟಿಗೆ ನನ್ನ ಹತ್ತಿರ ಬರೋ 17 ಇಂಚಿನ ಗಾಡಿಗಳಲ್ಲಿ ಟೈರಿನ ಪಕ್ಕ ಬೋಂಡಾ ಥರ ಊದಿಕೊಂಡಿದ್ದು, ಡಿಸ್ಕಿನ ಒಳ ಅಂಚು ಬಗ್ಗಿದ್ದು ನೋಡೀ ನೋಡೀ ಸಾಕಾಗಿದೆ. ಊದಿದ ಟೈರಿಗೆ ರಿಪೇರಿ ಅನ್ನೋದಿಲ್ಲ, ಎಸೆಯೋದೇ.

ಇನ್ನು ಇಳಿಸೋ ವಿಷಯ. ನಿನ್ನ ಗಾಡಿಗೆ ಕಂಪನಿ ಹೇಳೋ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ನಲವತ್ತು ಕಳೆದರೆ 123. ಅಪ್ಪ, ಅಮ್ಮ, ಡಿಕ್ಕಿಯಲ್ಲಿ ಎರಡು ಮೂಟೆ ರಾಗಿ ಹತ್ತಿದ ಮೇಲೆ ಎಷ್ಟು ಉಳಿಯುತ್ತೆ ಅಂತ ನೀನೇ ಒಂದು ಸಲ ಟೇಪ್ ಹಿಡಿದು ಅಳೆದು ನೋಡು. ರಸ್ತೆಗಳ ಅಳತೆ ಗೊತ್ತುಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲ ಇದ್ದರೆ ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ ಹಂಪಿನ ಮೇಲೇ ಇರುತ್ತವೆ, ಹೊಟ್ಟೆಗೆ ಅಷ್ಟಾಗಿ ತಾಗೋದಿಲ್ಲ. ನಮ್ಮ ಹಳ್ಳಿ ಹಂಪು ಹಾಗಲ್ಲ. ಅಗಲ ಎರಡು ಮೊಳ, ಎತ್ತರ ಹಾಕಿಸಿದವನ ಸಿಟ್ಟಿನಷ್ಟು. ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತದೆ ಇರೋವಾಗ ಹಂಪು ನಿನ್ನ ಹೊಟ್ಟೆಯ ಕೆಳಗೆ ಇರುತ್ತೆ.

ಇನ್ನೊಂದನ್ನ ಬೆಂಗಳೂರಿನವರು ಹೇಳೋದಿಲ್ಲ, ನಾನು ಹೇಳಬೇಕು. ಸುಗ್ಗಿ ಕಾಲದಲ್ಲಿ ಮಧುಗಿರಿ, ಸಿರಾ, ಪಾವಗಡ ಕಡೆ ರಸ್ತೆ ಮೇಲೇ ಒಕ್ಕಣೆ. ರಾಗಿ ತೆನೆಯಾದರೆ ಹೇಗೋ ದಾಟಬಹುದು, ಹುರುಳಿ ಬಳ್ಳಿ ಮಾತ್ರ ಆಕ್ಸಲ್ಲಿಗೆ ಸುತ್ತಿಕೊಂಡು ಬಿಡುತ್ತೆ. ಕಾದ ಸೈಲೆನ್ಸರಿಗೆ ಒಣ ಬಳ್ಳಿ ಅಂಟಿಕೊಂಡರೆ ಹೊಗೆ, ಆಮೇಲೆ ಬೆಂಕಿ. ಮಾಮೂಲಿ ಎತ್ತರದ ಗಾಡಿಗೇ ಈ ಅಪಾಯ ಇದೆ. ಇಳಿಸಿದ ಗಾಡಿ ಹಾಸಿದ ಹುರುಳಿಯನ್ನ ಬಾಚಿಕೊಂಡೇ ಹೋಗುತ್ತೆ.

ಇಳಿಸಿದರೆ ತಿರುವಲ್ಲಿ ಹಿಡಿತ ಬರುತ್ತಲ್ಲ ಅಂತ ಕೇಳ್ತೀಯ. ಪೂರ್ತಿ ಸುಳ್ಳಲ್ಲ. ಆದರೆ ಮುಂದಿನ ಚಕ್ರವನ್ನ ಕೆಳಗಿಂದ ಗಾಡಿಗೆ ಹಿಡಿದಿರೋ ಲೋಯರ್ ಆರ್ಮು ಚಕ್ರದ ಕಡೆಗೆ ಕೆಳಗಿಳಿದಿರಬೇಕು. ಅತಿಯಾಗಿ ಇಳಿಸಿದರೆ ಅದು ಮೇಲ್ಮುಖವಾಗಿ, ತಿರುವಲ್ಲಿ ಚಕ್ರ ನಿಲ್ಲಬೇಕಾದ ಓರೆ ತಪ್ಪುತ್ತೆ. ಟೋ, ಅಂದ್ರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಲೆಕ್ಕ, ಬದಲಾಗಿ ಟೈರಿನ ಒಂದು ಅಂಚು ಮಾತ್ರ ಸವೆಯುತ್ತೆ. ಮುಂದಿನದನ್ನ ಅಲೈನ್‌ಮೆಂಟಲ್ಲಿ ಸರಿ ಮಾಡಬಹುದು, ನಿನ್ನ ಗಾಡಿಯ ಹಿಂದಿನ ಆಕ್ಸಲ್ಲಲ್ಲಿ ತಿರುಗಿಸೋಕೆ ಬೋಲ್ಟೇ ಇಲ್ಲ.

ಕಾನೂನು ಬೇರೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವರು ಮೊದಲು ಬಗ್ಗಿ ನೋಡೋದೂ ಚಕ್ರವನ್ನೇ.

ನಾನಾಗಿದ್ರೆ 185/65 ಆರ್15 ಹಾಕಿಸ್ತಿದ್ದೆ. ನಿನ್ನ ಗಾಡಿಯದೇ ಮೇಲಿನ ಮಾಡೆಲ್ಲಾದ ಝೆಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟ ಅಳತೆ ಅದು. ಎತ್ತರ 621, ಎರಡು ಸೆಂ.ಮೀ. ಅಗಲ ಜಾಸ್ತಿ, ನೋಡೋಕೂ ತುಂಬಿಕೊಂಡ ಹಾಗಿರುತ್ತೆ. ಎಷ್ಟು ಭಾರ ತಡೆಯುತ್ತೆ ಅಂತ ಟೈರಿನ ಮೇಲೆ ಬರೆದ ಲೋಡ್ ನಂಬರ್ ಈಗಿನದಕ್ಕಿಂತ ಕಡಿಮೆ ಇರಬಾರದು. ಗಾಡಿ ಎತ್ತರಕ್ಕೆ ಕೈ ಹಾಕಬೇಡ. ಪಂಚೆ ಎತ್ತಿ ಕಟ್ಟಿರಲಿ ಬಿಡು, ಹೊಲದ ದಾರಿಯಲ್ಲಿ ನಡೆಯೋನು ಅಲ್ವಾ ನೀನು.

ಪ್ರಶ್ನೆ: ನಮ್ಮ ಬಲೆನೊಗೆ ಮಗ ಸೆಕೆಂಡ್‌ಹ್ಯಾಂಡ್ 16 ಇಂಚಿನ ಅಲಾಯ್ ಹಾಕಿಸಿದ್ದಾನೆ, ಟೈರು 195/55. ಬಿ.ಎಚ್. ರಸ್ತೆಯಲ್ಲಿ 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ.
– ಶಿಕ್ಷಕಿ, ತಿಪಟೂರು

ಉತ್ತರ: ಮೇಡಂ, ಟೈರಿನ ಅಳತೆ ಸರಿಯಾಗಿದೆ, ಬೈಯಬೇಡಿ ಹುಡುಗನನ್ನ. ಒಂದು ಚಕ್ರ ಬಿಚ್ಚಿಸಿ ನಡುವಿನ ತೂತು ನೋಡಿ. ಆ ತೂತಿನೊಳಗೆ ಕೂರೋ ನಿಮ್ಮ ಗಾಡಿಯ ಹಬ್ಬು (ಚಕ್ರದ ನಡುಗುಂಬ) 54.1 ಮಿ.ಮೀ. ಹೊರಗಿನ ಅಲಾಯ್ ಎಲ್ಲ ಗಾಡಿಗೂ ಆಗಲಿ ಅಂತ ತೂತು ದೊಡ್ಡದಾಗಿ ಮಾಡಿರ್ತಾರೆ. ಆ ಸಂದು ತುಂಬೋಕೆ ಒಂದು ರಿಂಗು ಬರುತ್ತೆ. ಸೆಕೆಂಡ್‌ಹ್ಯಾಂಡ್ ಸೆಟ್ಟಲ್ಲಿ ಅದು ಹಳೇ ಗಾಡಿಯ ಹಬ್ಬಿನಲ್ಲೇ ಉಳಿದುಹೋಗಿರುತ್ತೆ. ರಿಂಗಿಲ್ಲದೆ ಚಕ್ರ ಬರೀ ನಟ್ಟಿನ ಮೇಲೆ ನಿಂತು, ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ನಡುಗುತ್ತೆ. ಬ್ಯಾಲೆನ್ಸಿಂಗ್ ಮೆಷಿನ್ನು ಚಕ್ರವನ್ನ ನಡು ತೂತಿನಿಂದಲೇ ಹಿಡಿಯೋದ್ರಿಂದ ಅಲ್ಲಿ ಎಲ್ಲ ಸರಿಯಾಗೇ ಕಾಣುತ್ತೆ. ಒಳಗೆ 54.1, ಹೊರಗೆ ನಿಮ್ಮ ಅಲಾಯಿನ ತೂತಿನ ಅಳತೆ, ಹೀಗೆ ಹೇಳಿ ನಾಲ್ಕು ರಿಂಗು ತರಿಸಿ. ನಟ್ಟುಗಳನ್ನ ಎದುರು ಬದುರಾಗಿ ಬಿಗಿ ಮಾಡಿಸಿ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಪಾನ (ಸ್ಪ್ಯಾನರ್) ಹಾಕಿ ನೋಡೋಕೆ ಮಗನಿಗೇ ಹೇಳಿ.