ಮಂಚ ಎಣಿಸುವ ಮೊದಲು

ಪತ್ರ: ನಮ್ಮದು ಕಥೋಲಿಕ ಪ್ರೌಢಶಾಲೆ. 60 ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿಕೊಡಲು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ಆ ಹಣದಲ್ಲಿ ಒಂದು ಪಾಲು ಶಿಕ್ಷಕರ ತರಬೇತಿಗೆ ಹೋಗಲೇಬೇಕೆಂದು ನಮ್ಮ ಹೆಡ್‌ಮಾಸ್ಟರ್ ಫಾದರ್ ಹಟ ಹಿಡಿದಿದ್ದಾರೆ. ತರಬೇತಿಯಾದ ಶಿಕ್ಷಕರು ಬೇರೆ ಶಾಲೆಗೆ ಹಾರಿಹೋಗುತ್ತಾರೆ, ಕಟ್ಟಡವಾದರೆ ಇಲ್ಲೇ ಇರುತ್ತದಲ್ಲವೇ?
– ಆಡಳಿತ ಮಂಡಳಿಯ ಸದಸ್ಯರೊಬ್ಬರು

ಸಂಪಾದಕರ ಉತ್ತರ: ಕಟ್ಟಡ ಇಲ್ಲೇ ಇರುತ್ತದೆ, ನಿಜ. ಅದರೊಳಗೆ ಯಾರಿರುತ್ತಾರೆ ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಹಾಸ್ಟೆಲ್ ಬೇಡವೆನ್ನುತ್ತಿಲ್ಲ. ದಿನಾ ಗಂಟೆಗಟ್ಟಲೆ ನಡೆದು ಬರುವ ಮಗುವಿಗೆ, ಅದರಲ್ಲೂ ಹುಡುಗಿಯರಿಗೆ, ಅದಿಲ್ಲದೆ ಓದು ಮುಂದೆ ಸಾಗದಿರಬಹುದು. ಇಷ್ಟು ಒಪ್ಪಿಕೊಂಡು, ಇನ್ನು ನಿಮ್ಮ ಫಾದರ್ ಪಕ್ಷಕ್ಕೆ ಸೇರಿಕೊಳ್ಳುತ್ತೇನೆ.

ತರಗತಿಯಲ್ಲಿ ಬೈಸಿಕೊಂಡ ಮಗು ಸಂಜೆ ಮನೆಗೆ ಹೋಗಿ ಅದನ್ನು ಮರೆಯುತ್ತದೆ. ಹಾಸ್ಟೆಲ್ ಮಗುವಿಗೆ ಆ ದಾರಿ ಇಲ್ಲ. ಬೈದವರೇ ಸಂಜೆ ಓದಿಗೆ ಕೂರಿಸುತ್ತಾರೆ, ಅವರೇ ರಾತ್ರಿ ದೀಪ ಆರಿಸುತ್ತಾರೆ. ಹಾಗಾಗಿ ಹಾಸ್ಟೆಲ್ ತೆರೆಯುವ ಶಾಲೆಗೆ ತರಬೇತಿಯ ಅಗತ್ಯ ದುಪ್ಪಟ್ಟಾಗುತ್ತದೆ. ನೀವು ಇವೆರಡನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗೆ ಹಾಕಿದ್ದೀರಿ, ಅಲ್ಲೇ ತಪ್ಪಿದ್ದು.

ಬಡ ಹುಡುಗರಿಗಾಗಿ ದುಡಿದ ಇಟಲಿಯ ಪಾದ್ರಿ ಸಂತ ಜಾನ್ ಬಾಸ್ಕೊ ಟ್ಯೂರಿನ್‌ನಲ್ಲಿ ಮೊದಲು ಕೆಲವು ಹುಡುಗರನ್ನು ಹುಲ್ಲಿನ ಅಟ್ಟದಲ್ಲಿ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಹುಡುಗರೂ ಇರಲಿಲ್ಲ, ಕಂಬಳಿಗಳೂ ಇರಲಿಲ್ಲ. 1847ರ ಮೇ ತಿಂಗಳ ಒಂದು ಮಳೆಯ ಸಂಜೆ ಮತ್ತೊಬ್ಬ ಅನಾಥ ಹುಡುಗ ಬಾಗಿಲಿಗೆ ಬಂದ. ಬಾಸ್ಕೊ ಅವರ ತಾಯಿ ಮಾರ್ಗರೀಟಾ ಅಡುಗೆಮನೆಯಲ್ಲೇ ಇಟ್ಟಿಗೆ, ಹಲಗೆ ಜೋಡಿಸಿ ಹಾಸಿಗೆ ಮಾಡಿಕೊಟ್ಟು, ಮಲಗುವ ಮುಂಚೆ ಎರಡು ಒಳ್ಳೆಯ ಮಾತು ಹೇಳಿದರು. ಬಾಸ್ಕೊ ಸ್ಥಾಪಿಸಿದ ಸಲೇಶಿಯನ್ ಸಭೆಯ ಶಾಲೆಗಳಲ್ಲಿ ಇಂದಿಗೂ ನಡೆಯುವ 'ಶುಭರಾತ್ರಿ'ಯ ಮಾತಿಗೆ ಮೂಲ ಅದೇ. ಆ ಹಾಸ್ಟೆಲ್ ಶುರುವಾದದ್ದು ಒಬ್ಬ ಹುಡುಗ, ಅವನ ಜೊತೆ ಮಾತಾಡಬಲ್ಲ ಒಬ್ಬ ಹಿರಿಯೆಯಿಂದ. ಪಾತ್ರೆಗಳು ಹೋದಾವೆಂದು ಆ ರಾತ್ರಿ ಅಡುಗೆಮನೆಗೆ ಬೀಗ ಹಾಕಿದ್ದರಂತೆ. ಅದೊಂದನ್ನು ಮಾತ್ರ ನೀವು ಅನುಕರಿಸಬೇಡಿ. ಮಕ್ಕಳು ಮಲಗುವ ಕೋಣೆಗೆ ಹೊರಗಿನಿಂದ ಬೀಗ ಬೀಳಕೂಡದು. ಎರಡು ಬಾಗಿಲಿರಲಿ, ಎರಡೂ ಹೊರಕ್ಕೆ ತೆರೆಯಲಿ.

ವಾರ್ಡನ್‌ಗೆ ಎಂಥ ತರಬೇತಿ ಎಂದು ನಿಮ್ಮ ಮಂಡಳಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ತುರಿಕಜ್ಜಿಯ ಕತೆ ಹೇಳಿ. ಅದು ಚರ್ಮದೊಳಗೆ ಹೊಕ್ಕುವ ಕಣ್ಣಿಗೆ ಕಾಣದ ನುಸಿಯ ಕೆಲಸ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಪಕ್ಕದ ಮಂಚದವರಿಗೆಲ್ಲ ದಾಟಿರುತ್ತದೆ. ತರಬೇತಿಯಿಲ್ಲದ ವಾರ್ಡನ್ ಕೆರೆದುಕೊಳ್ಳುವ ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿಸುತ್ತಾರೆ. ತಿಂಗಳೊಳಗೆ ಅವನಿಗೇ ಮತ್ತೆ ಬರುತ್ತದೆ, ಕೊಳಕ ಎಂಬ ಹೆಸರೂ ಅವನಿಗೇ ಅಂಟುತ್ತದೆ. ತಿಳಿದವರು ವೈದ್ಯರನ್ನು ಕರೆಸಿ, ಆ ಕೋಣೆಯ ಎಲ್ಲರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ, ಬೆರಳ ಸಂದು, ಉಗುರಿನಡಿ ಬಿಡದೆ ಹಚ್ಚಿಸುತ್ತಾರೆ. ವಾರದ ನಂತರ ಇನ್ನೊಮ್ಮೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಸುತ್ತಾರೆ. ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡುತ್ತಾರೆ.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಹುಡುಗನ ವಿಷಯವೂ ಹೀಗೆಯೇ. ಮನೆ ಬಿಟ್ಟ ಹೊಸತರಲ್ಲಿ 12–13 ವರ್ಷದವರಿಗೂ ಅದು ಮರುಕಳಿಸಬಹುದು, ಸೋಮಾರಿತನವಲ್ಲ. ಎಲ್ಲ ಹಾಸಿಗೆಗೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಒಬ್ಬನದಕ್ಕೆ ಮಾತ್ರ ಹಾಕಿದರೆ ಡಂಗುರ ಸಾರಿದಂತೆ. ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಕಡೆ ಒಗೆದ ಚಾದರ ಇರಲಿ. ಕಟ್ಟಡದ ನಕ್ಷೆಯಲ್ಲಿ ಇವು ಯಾವುವೂ ಇರುವುದಿಲ್ಲ ಸ್ವಾಮಿ.

ಮಕ್ಕಳ ರಕ್ಷಣೆಯ ಬಗ್ಗೆ ಚುಟುಕಾಗಿ. ರಾತ್ರಿ ಇಬ್ಬರು ಹಿರಿಯರು ಇರಲೇಬೇಕು. ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನ ಜೊತೆ ಒಬ್ಬರೇ ಹಿರಿಯರು ಇರಬಾರದು, ಅವರು ಎಂಥ ಸಂತರೇ ಆಗಿರಲಿ. ದೂರು ಕೇಳುವವರು ಹಾಸ್ಟೆಲ್‌ನ ಆಡಳಿತಕ್ಕೆ ಹೊರಗಿನವರಾಗಿರಬೇಕು, ವಾರ್ಡನ್ ಅನುಮತಿ ಇಲ್ಲದೆ ಮಗು ಅವರನ್ನು ತಲುಪುವಂತಿರಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪಾದ್ರಿಗಳು, ಧಾರ್ಮಿಕ ಸಭೆಗಳ (ವ್ರತ ತೊಟ್ಟವರ ಸಂಘಗಳ) ಸದಸ್ಯರು ಅದನ್ನು ವರದಿ ಮಾಡಲೇಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ವಿಧಿಸಿದರು. ದೇಶದ ಕಾನೂನಿನ ಹೊಣೆ ಅದಕ್ಕೆ ಹೊರತಾಗಿ ಇದ್ದೇ ಇದೆ.

ಇನ್ನು ತರಗತಿಯ ತರಬೇತಿ. ರಜೆಯಲ್ಲಿ ಎರಡು ದಿನ ಭಾಷಣ ಕೇಳಿಸಿ ಪ್ರಮಾಣಪತ್ರ ಕೊಡುವುದಾದರೆ ನಾನೇ ನಿಮ್ಮ ಕಡೆಗೆ ಬರುತ್ತೇನೆ, ಆ ದುಡ್ಡಿಗೆ ಸಿಮೆಂಟ್ ತನ್ನಿ. ಕೇಳಿದ್ದು ಪಾಠದೊಳಗೆ ಇಳಿಯಬೇಕಾದರೆ ಆಮೇಲೂ ಜೊತೆಗೊಬ್ಬರು ನಿಂತು ತಿದ್ದಬೇಕು ಎಂದು ಶಿಕ್ಷಕರ ತರಬೇತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೇ ಹೇಳಿದ್ದಾರೆ. ಶಿಕ್ಷಕರನ್ನು ಇಬ್ಬಿಬ್ಬರಾಗಿ ಜೋಡಿಸಿ. ವಾರಕ್ಕೊಂದು ಪೀರಿಯಡ್ ಇದಕ್ಕೆಂದೇ ಟೈಮ್‌ಟೇಬಲ್‌ನಲ್ಲಿ ವರ್ಷದ ಆರಂಭದಲ್ಲೇ ಕಾದಿರಿಸಿ. ಬಿಡುವಾದಾಗ ನೋಡೋಣ ಎಂದಿರೋ, ಪರೀಕ್ಷೆ ಅದನ್ನು ನುಂಗಿಹಾಕುತ್ತದೆ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು ಒಂದೇ ಒಂದು ಸಂಗತಿ ಗಮನಿಸಲಿ. ಉದಾಹರಣೆಗೆ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ? ಹೆಚ್ಚಿನ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುತ್ತಿದ್ದವರೂ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಗಮನಿಸಿದ್ದನ್ನು ಅದೇ ದಿನ ಇಬ್ಬರೇ ಕೂತು ಹತ್ತು ನಿಮಿಷ ಮಾತಾಡಲಿ. ಗಮನಿಸಿದ್ದನ್ನು ಬರೆದುಕೊಂಡ ಚೀಟಿ ಹೆಡ್‌ಮಾಸ್ಟರ ಫೈಲಿಗೆ ಹೋಯಿತೋ, ಕೆಲಸ ಕೆಟ್ಟಿತು. ಮುಂದಿನ ವಾರದಿಂದ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದ ಪಾಠವನ್ನೇ ತೋರಿಸುತ್ತಾರೆ.

ತರಬೇತಿಯಾದವರು ಹಾರಿಹೋಗುತ್ತಾರೆ ಎಂದಿರಿ. ಫ್ರಾನ್ಸಿನ ಪಾದ್ರಿ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ 1681ರಲ್ಲಿ ಬಡ ಶಾಲೆಗಳ ಶಿಕ್ಷಕರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು, ಬಂಧುಗಳು ಸಿಡಿಮಿಡಿಗೊಂಡರು. 1685ರ ಸುಮಾರಿಗೆ ರೈಮ್ಸ್‌ನಲ್ಲಿ ಹಳ್ಳಿ ಶಾಲೆಗಳ ಶಿಕ್ಷಕರಿಗೆಂದು ತರಬೇತಿ ಕೇಂದ್ರವನ್ನೇ ತೆರೆದರು. ಅಲ್ಲಿ ಕಲಿತವರು ಬೇರೆಡೆಗೆ ಹೋಗಲೆಂದೇ ಕಲಿಸಿದ್ದು! ನಿಮ್ಮಲ್ಲಿ ಪಳಗಿದವರು ಇನ್ನೊಂದು ಶಾಲೆಯ ಮಕ್ಕಳಿಗೆ ಪಾಠ ಹೇಳಿದರೆ ಅದನ್ನು ನಷ್ಟದ ಖಾತೆಗೆ ಬರೆಯಲು ಕಥೋಲಿಕ ಶಾಲೆಗೆ ಹೇಗೆ ಮನಸ್ಸು ಬರುತ್ತದೆ?

ನಿಜವಾಗಿ ಹಾರಿಹೋಗುವವರು ಬೇರೆ. ಬಿಷಪರ ಧರ್ಮಪ್ರಾಂತ್ಯವೋ ಧಾರ್ಮಿಕ ಸಭೆಯೋ ಕೆಲವೇ ವರ್ಷಕ್ಕೆ ಹೆಡ್‌ಮಾಸ್ಟರನ್ನು ವರ್ಗ ಮಾಡುತ್ತದೆ, ಅವರ ಜೊತೆ ಯೋಜನೆಯೂ ಗಾಡಿ ಹತ್ತುತ್ತದೆ. ಹೊಸಬರು ಬಂದು ಬಣ್ಣ ಬಳಿಸುತ್ತಾರೆ, ಹೊಸ ಗೇಟು ನಿಲ್ಲಿಸುತ್ತಾರೆ, ಫೋಟೊ ಬರುತ್ತದೆ. 3 ಸೆಕೆಂಡ್ ಕಾಯುವ ಶಿಕ್ಷಕಿಯ ಫೋಟೊ ತೆಗೆಯುವುದು ಹೇಗೆ? ಶಾಲೆ ತನ್ನ ಗುರಿ ಮುಟ್ಟುವುದು ಮುಖ್ಯವಾಗಿ ಶಿಕ್ಷಕರಿಂದ ಎಂದು ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಆದರೂ ದಾನಿಗಳಿಗೆ ನಾವು ತೋರಿಸುವುದು ಗೋಡೆಯನ್ನೇ. ಹಾಗಾಗಿ ತರಬೇತಿಯ ಹೊಣೆಯನ್ನು ವರ್ಗವಾಗದ ಹಿರಿಯ ಶಿಕ್ಷಕರೊಬ್ಬರಿಗೆ ಬರಹದಲ್ಲಿ ವಹಿಸಿ.

ಮೊದಲ ವರ್ಷ ಇರುವ ಕೋಣೆಗಳಲ್ಲೇ 16 ಮಕ್ಕಳು, ತರಬೇತಿ ಪಡೆದ ಇಬ್ಬರು ವಾರ್ಡನ್. ಮೂರನೆಯವರು ಸಿದ್ಧರಾಗುವ ತನಕ 17ನೇ ಮಂಚ ಬೇಡ. ಕಟ್ಟುವ ಕಾಲಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹಾಸ್ಟೆಲ್‌ನಲ್ಲಿ ತಲೆಗೆ ದಿನಕ್ಕೆ ಕನಿಷ್ಠ 20 ಲೀಟರ್ ನೀರು, ಫ್ಲಶ್ ಇದ್ದರೆ ಇನ್ನೂ 10ರಿಂದ 20. ಅಂದರೆ 60 ಮಕ್ಕಳಿಗೆ ದಿನಕ್ಕೆ 2,400 ಲೀಟರ್‌ವರೆಗೆ. ದಾನಿಗೆ ಹೆಸರು ಕೆತ್ತಿಸಲೇಬೇಕೆಂದಿದ್ದರೆ ಎರಡು ದಿನಕ್ಕೆ ಸಾಲುವ 5,000 ಲೀಟರಿನ ಟ್ಯಾಂಕಿದೆ. ನಾಲ್ಕೂ ಬದಿ ಅವರದೇ ಹೆಸರು ಬರೆಸಿ.