ಮನೆ ಎಲ್ಲಿ ಹಿಡಿಯಲಿ?

ಪ್ರಶ್ನೆ: ದಾವಣಗೆರೆಯಿಂದ ಬೆಂಗಳೂರಿಗೆ ಬರುತ್ತಿದ್ದೇನೆ. ಕೆಲಸ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್ ಐಟಿಪಿಎಲ್‌ನಲ್ಲಿ. ಮಾರತ್ತಹಳ್ಳಿ ಹತ್ತಿರವೆಂದು ಗೆಳೆಯರು ಹೇಳುತ್ತಾರೆ, ವಿಜಯನಗರದಲ್ಲಿ ಬಂಧುಗಳಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ಕಿಲೋಮೀಟರ್ ಲೆಕ್ಕ ಬಿಡಿ, ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ ಎಷ್ಟು ನಿಮಿಷ ಎಂಬುದನ್ನು ನೋಡಿ. ಮಾರತ್ತಹಳ್ಳಿ ಹತ್ತಿರವೇನೋ ಹೌದು, ಆದರೆ ಹೊರವರ್ತುಲ ರಸ್ತೆಯ ಆ ಭಾಗದಲ್ಲಿ ಮೆಟ್ರೊ ಕಾಮಗಾರಿ ಮುಗಿಯುವವರೆಗೆ ಬಸ್ಸೇ ಗತಿ. ಮಳೆ ಬಂದ ಸಂಜೆ ಆ ಬಸ್ ಎಷ್ಟು ಹೊತ್ತಿಗೆ ತಲುಪುತ್ತದೆಂದು ಹೇಳಲಾಗದು. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ನಿಮ್ಮ ನಿಲ್ದಾಣ ಪಟ್ಟಂದೂರು ಅಗ್ರಹಾರ. ವಿಜಯನಗರದಿಂದ ರೈಲು ಬದಲಿಸದೆ ಬರಬಹುದು, ಆದರೆ ಇಡೀ ಊರು ದಾಟಬೇಕು. ದಿನಾ ಎರಡು ಹೊತ್ತು ಅದು ದಣಿಸುತ್ತದೆ. ನನ್ನ ಆಯ್ಕೆ ಅದೇ ಮಾರ್ಗದ ಹೂಡಿ, ಗರುಡಾಚಾರ್‌ಪಾಳ್ಯ ಅಥವಾ ಬೆನ್ನಿಗಾನಹಳ್ಳಿ.

ಮನೆ ನಿಲ್ದಾಣದಿಂದ ಒಂದು ಕಿಲೋಮೀಟರ್ ಒಳಗಿರಲಿ, ಅಂದರೆ ಹದಿಮೂರು ನಿಮಿಷದ ನಡಿಗೆ. ಅದಕ್ಕಿಂತ ದೂರವಾದರೆ ದಿನವೂ ಆಟೊ ಖರ್ಚು ಬೀಳುತ್ತದೆ, ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಮಂಗಳವಾರವೋ ಬುಧವಾರವೋ ಬೆಳಗ್ಗೆ ಎಂಟೂವರೆಗೆ ಅಲ್ಲಿಂದ ಕಚೇರಿಗೆ ಒಮ್ಮೆ ಹೋಗಿ ನೋಡಿ. ಭಾನುವಾರದ ಲೆಕ್ಕ ನಂಬಬೇಡಿ.

ನೀರಿನ ವಿಷಯ ಮರೆಯಲೇಬೇಡಿ. ಕಾವೇರಿ ಸಂಪರ್ಕವಿದೆಯೇ, ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಎಂದು ಕೇಳಿ, ಕರಾರುಪತ್ರದಲ್ಲೇ ಬರೆಸಿ.