ಬೇಸಿಗೆಯ ಊಟಕ್ಕೆ ಒಪ್ಪುವ ವೈನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಳಗದಲ್ಲಿ ವೈನ್ ಎಂದರೆ ಕೆಂಪು ವೈನ್ ಎಂದೇ ರೂಢಿ. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಕುಡಿದರೆ ಬಾಯಿ ಒಣಗಿ, ಗಂಟಲು ಬಿಸಿಯೇರುತ್ತದೆ. ಬೇಸಿಗೆಗೆ ಹಿತವಾದ ವೈನನ್ನು ಗುರುತಿಸುವುದು ಹೇಗೆ? (ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಅನುಭವಕ್ಕೆ ಕಾರಣ ಎರಡು. ಕೆಂಪು ವೈನ್ ತಯಾರಿಸುವಾಗ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗಿಸುವುದರಿಂದ ಅವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ವೈನಿಗೆ ಇಳಿಯುತ್ತದೆ; ಬಾಯಿ ಒಣಗಿದಂತೆ ಅನ್ನಿಸುವುದು ಅದರಿಂದ. ಗಡುಸಾದ ಕೆಂಪು ವೈನುಗಳಲ್ಲಿ ಮದ್ಯಸಾರವೂ ಶೇ 13.5ರಿಂದ 14ರ ಆಸುಪಾಸಿನಲ್ಲಿರುವುದು ಸಾಮಾನ್ಯ; ಗಂಟಲಿನ ಬಿಸಿ ಅದರದು. ಬಿಳಿ ವೈನಿಗೆ ಸಿಪ್ಪೆಯಿಂದ ರಸವನ್ನು ಮೊದಲೇ ಬೇರ್ಪಡಿಸಿ ಹುದುಗಿಸುವುದರಿಂದ ಒಗರು ಬಹುಮಟ್ಟಿಗೆ ಇರುವುದಿಲ್ಲ, ದ್ರಾಕ್ಷಿಯ ಸಹಜ ಹುಳಿಯೇ ಮುಂದೆ ಬರುತ್ತದೆ. ಬಾಯಲ್ಲಿ ನೀರೂರಿಸುವ ಆ ಹುಳಿಯೇ ಬೇಸಿಗೆಯಲ್ಲಿ ನಾವು ಹುಡುಕಬೇಕಾದ ಗುಣ.

ಅಂಗಡಿಯಲ್ಲಿ ಬಾಟಲಿಯ ಚೀಟಿಯನ್ನು ಓದಿ. ಮದ್ಯಸಾರ ಶೇ 12.5 ಅಥವಾ ಅದಕ್ಕಿಂತ ಕಡಿಮೆ ಇರಲಿ, ದ್ರಾಕ್ಷಿ ಕೊಯ್ದ ವರ್ಷ ಆದಷ್ಟು ಈಚಿನದಾಗಿರಲಿ. ಹಗುರವಾದ ಬಿಳಿ ವೈನನ್ನು ವರ್ಷಗಟ್ಟಲೆ ಇಟ್ಟರೆ ಅದರ ತಾಜಾತನ ಕುಂದುತ್ತದೆಯೇ ಹೊರತು ರುಚಿ ಏರುವುದಿಲ್ಲ. ಬೆಲೆ ಹೆಚ್ಚಿದ್ದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು.

ದೂರದ ದೇಶಗಳ ವೈನನ್ನೇ ಹುಡುಕಬೇಕಾಗಿಯೂ ಇಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರ ತೋಟದಿಂದ 1992ರಲ್ಲಿ ಮೊದಲ ವೈನ್ ಹೊರಬಂದಿತು. ನಾಸಿಕ್‌ನ ಸುಲಾ ಸಂಸ್ಥೆಯ ಮೊದಲ ವೈನುಗಳು 2000ದಲ್ಲಿ ಬಂದವು. ದ್ರಾಕ್ಷಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬಿಸಿಲು ಹೆಚ್ಚಿದಷ್ಟೂ ಕರಗುತ್ತ ಹೋಗುತ್ತದೆ, ರಾತ್ರಿ ತಂಪಾಗಿದ್ದರೆ ಉಳಿದುಕೊಳ್ಳುತ್ತದೆ. ನಂದಿಯ ಸುತ್ತಲಿನ ಎತ್ತರದ ನೆಲ ವೈನ್ ದ್ರಾಕ್ಷಿಗೆ ಒಗ್ಗಿದ್ದಕ್ಕೆ ಇದೊಂದು ಮುಖ್ಯ ಕಾರಣ. ನೆಲ್ಲಿಕಾಯಿಯ ಹುಳಿ ಮತ್ತು ಹಸಿ ಹುಲ್ಲಿನ ಪರಿಮಳ ನಿಮಗೆ ಇಷ್ಟವಾಗುವುದಾದರೆ ಸೊವಿನ್ಯೋನ್ ಬ್ಲಾಂ ಎಂಬ ದ್ರಾಕ್ಷಿಯ ಬಿಳಿ ವೈನ್ ಕೊಳ್ಳಿ. ಹುಳಿಯ ಜೊತೆ ತುಸು ಸಿಹಿಯೂ ಇರಲಿ ಎನ್ನುವುದಾದರೆ ಶೆನಿನ್ ಬ್ಲಾಂ ಎಂಬ ಇನ್ನೊಂದು ದ್ರಾಕ್ಷಿಯ ಬಿಳಿ ವೈನ್ ಕೊಳ್ಳಿ. ಕೆಂಪಿನ ರೂಢಿಯನ್ನು ಒಮ್ಮೆಲೇ ಬಿಡಲಾಗದವರಿಗೆ, ಕೆಂಪು ದ್ರಾಕ್ಷಿಯ ಸಿಪ್ಪೆಯನ್ನು ಕೆಲವೇ ಗಂಟೆಗಳ ಕಾಲ ರಸದಲ್ಲಿಟ್ಟು ತೆಗೆದು ಮಾಡುವ ನಸುಗೆಂಪು ರೋಸೆ ಒಳ್ಳೆಯ ಆರಂಭ.

ಒಂದು ಮಾತನ್ನು ಒತ್ತಿ ಹೇಳಬೇಕು. ತಣ್ಣಗಿದ್ದರೂ ವೈನ್ ದಾಹ ತಣಿಸುವ ಪಾನೀಯವಲ್ಲ. ಮದ್ಯಸಾರ ದೇಹದ ನೀರನ್ನು ಹೊರಹಾಕುತ್ತದೆ. ಪ್ರತಿ ಲೋಟ ವೈನಿನ ಜೊತೆ ಒಂದು ದೊಡ್ಡ ಲೋಟ ನೀರು ಕುಡಿಯಿರಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ವೈನ್ ಬೇಡವೇ ಬೇಡ.

ಪ್ರಶ್ನೆ: ರಜೆಗೆ ಊರಿಗೆ ಬರುವ ಮಗ, ಸೊಸೆಗಾಗಿ ಕಾಣೆ ರವಾ ಫ್ರೈ, ನೀರುದೋಸೆ, ಕೋಳಿ ಘೀ ರೋಸ್ಟ್ ಮಾಡುವವರಿದ್ದೇವೆ. ಖಾರದ ಅಡುಗೆಗೆ ವೈನ್ ಹೊಂದುವುದಿಲ್ಲ ಎನ್ನುತ್ತಾರೆ. ನಿಜವೇ? (ಓದುಗರು, ಮಂಗಳೂರು)

ಉತ್ತರ: ಎಲ್ಲ ವೈನುಗಳ ವಿಷಯದಲ್ಲಿ ಅದು ನಿಜವಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ನಾಲಿಗೆಯಲ್ಲಿ ಬಿಸಿಯನ್ನು ಅರಿಯುವ ನರತುದಿಗಳನ್ನೇ ಕೆರಳಿಸುತ್ತದೆ. ಮದ್ಯಸಾರವೂ ಅವೇ ತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಆದ್ದರಿಂದ ಮದ್ಯಸಾರ ಹೆಚ್ಚಿರುವ, ಒಗರಿನ ಕೆಂಪು ವೈನನ್ನು ಘೀ ರೋಸ್ಟ್ ಜೊತೆ ಕುಡಿದರೆ ಖಾರ ಇಮ್ಮಡಿಸಿದಂತಾಗುತ್ತದೆ. ಆದರೆ ಸಿಹಿಯು ಖಾರವನ್ನು ಶಮನಗೊಳಿಸುತ್ತದೆ. ಘೀ ರೋಸ್ಟಿನಲ್ಲಿ ಬಳಸುವ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಜೊತೆಗೆ ಹುಣಸೆಹಣ್ಣಿನ ಹುಳಿ, ತುಪ್ಪದ ಜಿಡ್ಡು ಇವೆ. ಇವೆಲ್ಲಕ್ಕೂ ಎದುರು ನಿಲ್ಲಬಲ್ಲದ್ದು ತುಸು ಸಿಹಿ ಉಳಿಸಿಕೊಂಡ, ಹುಳಿ ಚುರುಕಾಗಿರುವ ಶೆನಿನ್ ಬ್ಲಾಂ. ನಿಮ್ಮ ಮಗನಿಗೆ ತರಲು ಅನುಕೂಲವಿದ್ದರೆ ಜರ್ಮನಿಯ ಕಾಬಿನೆಟ್ ಎಂಬ ಹಗುರ ದರ್ಜೆಯ ರೀಸ್ಲಿಂಗ್ ಬಿಳಿ ವೈನ್ ಇನ್ನೂ ಸೊಗಸು. ಅದರ ಸಿಹಿ ಬಗೆಯಲ್ಲಿ ಮದ್ಯಸಾರ ಶೇ 8ರಿಂದ 9ರಷ್ಟಿರುವುದುಂಟು.

ಕಾಣೆ ಮೀನಿಗೆ ಬೇರೆ ಲೆಕ್ಕ. ಗರಿಗರಿ ರವೆ, ನವಿರಾದ ಮೀನು, ಮೇಲೆ ಹಿಂಡಿದ ಲಿಂಬೆ: ಇದಕ್ಕೆ ಸಿಹಿಯಿಲ್ಲದ ಸೊವಿನ್ಯೋನ್ ಬ್ಲಾಂ ತಕ್ಕದ್ದು. ತಿನಿಸಿನ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯೆನಿಸುತ್ತದೆ. ಹುಣಸೆ, ಲಿಂಬೆ, ಪುನರ್ಪುಳಿಯ ಅಡುಗೆಗಳಿಗೆಲ್ಲ ಈ ಸೂತ್ರ ಸಾಕು. ಎಣ್ಣೆ ಮತ್ತು ವಾಸನೆ ಎರಡೂ ಹೆಚ್ಚಿರುವ ಬಂಗುಡೆಗೆ ಒಗರಿನ ಕೆಂಪು ವೈನ್ ಜೊತೆಯಾದರೆ ಬಾಯಲ್ಲಿ ಕಬ್ಬಿಣದಂಥ ರುಚಿ ಉಳಿಯುತ್ತದೆ, ಅದನ್ನು ಖಂಡಿತ ತಪ್ಪಿಸಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಜೋಳದ ರೊಟ್ಟಿ, ಎಣ್ಣೆಗಾಯಿಯ ಜೊತೆ ಹೊಂದುವ ವೈನ್ ಇದೆಯೇ? (ಓದುಗರು, ಧಾರವಾಡ)

ಉತ್ತರ: ಇದೆ. ಶೇಂಗಾ, ಎಳ್ಳಿನ ಮಸಾಲೆ ತುಂಬಿದ ಎಣ್ಣೆಗಾಯಿಗೆ ಸಿಹಿಯಿಲ್ಲದ ರೋಸೆ ಹಿಡಿಸುತ್ತದೆ. ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನಕ್ಕೆ ಸೊವಿನ್ಯೋನ್ ಬ್ಲಾಂ ಇರಲಿ. ಸಂಜೆ ಕರಿದ ಮಿರ್ಚಿ ಭಜಿ ಇದ್ದರೆ ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ಆರಿಸಿ. ಅದರ ಹುಳಿಯೂ ಗುಳ್ಳೆಯೂ ನಾಲಿಗೆಯ ಮೇಲಿನ ಜಿಡ್ಡನ್ನು ತೊಳೆಯುತ್ತವೆ. ಆದರೆ ಮೆಣಸಿನಕಾಯಿ ತೀರಾ ಖಾರದ್ದಾದರೆ ಗುಳ್ಳೆ ಉರಿಯನ್ನು ಹೆಚ್ಚಿಸೀತು.

ಪ್ರಶ್ನೆ: ವೈನನ್ನು ಎಷ್ಟು ತಣ್ಣಗೆ ಕೊಡಬೇಕು? ಐಸ್ ಹಾಕಬಹುದೇ? (ಓದುಗರು, ಮೈಸೂರು)

ಉತ್ತರ: ಸ್ಪಾರ್ಕ್ಲಿಂಗ್ ವೈನಿಗೆ 6ರಿಂದ 8 ಡಿಗ್ರಿ ಸೆಲ್ಸಿಯಸ್, ಹಗುರ ಬಿಳಿ ವೈನಿಗೆ 8ರಿಂದ 10, ರೋಸೆಗೆ 10ರಿಂದ 12 ಡಿಗ್ರಿ ಸರಿಯಾಗುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. 32 ಡಿಗ್ರಿಯ ನಮ್ಮ ಕೋಣೆಗೆ ಅದು ಅನ್ವಯಿಸುವುದಿಲ್ಲ. ಕೊಪ್ಪಳ ಜಿಲ್ಲೆಯ ಕ್ರಿಸ್ಮಾ ತೋಟದವರು ತಯಾರಿಸುವ ಸಾಂಜಿಯೊವೆಸೆಯಂಥ (ಇದು ಇಟಲಿ ಮೂಲದ ಕೆಂಪು ದ್ರಾಕ್ಷಿ), ಹುಳಿ ಚೆನ್ನಾಗಿರುವ ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ, ಕಾಚಂಪುಳಿಯೆಂಬ ಕಪ್ಪು ಹುಳಿ ಹಾಕಿದ ಕೊಡಗಿನ ಪಂದಿಕರಿಗೂ ಒಪ್ಪುತ್ತದೆ. ಅತಿಯಾಗಿ ತಣಿಸಿದರೆ ಮಾತ್ರ ಒಗರು ಕಹಿಯ ಕಡೆಗೆ ತಿರುಗುತ್ತದೆ.

ಲೋಟಕ್ಕೆ ಐಸ್ ಹಾಕಿದರೆ ವೈನ್ ನೀರಾಗುತ್ತದೆ. ಬೇಕಿದ್ದರೆ ಫ್ರೀಜರಿನಲ್ಲಿ ಗಟ್ಟಿಮಾಡಿದ ನಾಲ್ಕು ದ್ರಾಕ್ಷಿಗಳನ್ನು ಹಾಕಿ. ಬಾಟಲಿಯನ್ನು ಬೇಗ ತಣಿಸಲು ಬಕೆಟ್ಟಿನಲ್ಲಿ ಐಸ್ ಮತ್ತು ನೀರನ್ನು ಸಮಪಾಲು ಬೆರೆಸಿ, ಒಂದು ಹಿಡಿ ಉಪ್ಪು ಹಾಕಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಬರಿಯ ಐಸ್ ಬಾಟಲಿಗೆ ಅಲ್ಲಲ್ಲಿ ಮಾತ್ರ ತಗಲುತ್ತದೆ, ನೀರು ಸುತ್ತಲೂ ಆವರಿಸುತ್ತದೆ.

ಪ್ರಶ್ನೆ: ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನನ್ನು ಮಾವಿನಹಣ್ಣಿನ ಸೀಕರಣೆಯ ಜೊತೆ ಕೊಡಬಹುದೇ? (ಓದುಗರು, ಚಿಕ್ಕಬಳ್ಳಾಪುರ)

ಉತ್ತರ: ಆ ದ್ರಾಕ್ಷಿಯ ಮೇಲೆ ನನಗೂ ಅಭಿಮಾನವಿದೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಅದರಿಂದ ಮಾಡುವ ಪೋರ್ಟ್ ಬಗೆಯ ವೈನುಗಳಲ್ಲಿ ಸಿಹಿ ಮುಂದೆ, ಹುಳಿ ಹಿಂದೆ; ಸೀಕರಣೆಯ ಜೊತೆ ಎರಡೂ ಸೇರಿ ಬಾಯಿ ಕಟ್ಟುತ್ತದೆ. ಅದನ್ನು ಚೆನ್ನಾಗಿ ತಣಿಸಿ, ಪುಟ್ಟ ಲೋಟದಲ್ಲಿ ಹುರಿದ ಗೋಡಂಬಿಯ ಜೊತೆ ಕೊಡಿ. ಮಾವಿಗೆ, ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ಮಾಗಿಸಿ, ತಡವಾಗಿ ಕೊಯ್ದು ಮಾಡಿದ ಶೆನಿನ್ ಬ್ಲಾಂ ಹೆಚ್ಚು ಸೂಕ್ತ, ಏಕೆಂದರೆ ಅದರ ಸಿಹಿಯ ಬೆನ್ನಿಗೆ ಹುಳಿಯೂ ಇರುತ್ತದೆ. ಸೀಕರಣೆಗೆ ಬೆಲ್ಲ ಅಥವಾ ಸಕ್ಕರೆಯನ್ನು ಎಂದಿಗಿಂತ ಕಡಿಮೆ ಹಾಕಿ. ವೈನಿಗಿಂತ ತಿನಿಸೇ ಹೆಚ್ಚು ಸಿಹಿಯಾದರೆ ಎಷ್ಟು ಒಳ್ಳೆಯ ವೈನೂ ಬರಿಯ ಹುಳಿಯಾಗಿ ತೋರುತ್ತದೆ.